ಹಳೆಯ ಆಸ್ಬೆಸ್ಟಾಸ್ ಛಾವಣಿ ತೆಗೆಸುವ ಮುನ್ನ

ಮನೆ, ಗೋದಾಮುಗಳ ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ತೆಗೆಯುವ ಗುತ್ತಿಗೆದಾರರು ಆ ಶೀಟುಗಳ ಬೆಲೆಯನ್ನು ಕೂಲಿಯಲ್ಲಿ ವಜಾ ಮಾಡಿ ದರಪಟ್ಟಿ ನೀಡುವುದುಂಟು. ಇದು ಕಾಗದದ ಮೇಲಿನ ಉಳಿತಾಯ ಮಾತ್ರ. ಸಿಮೆಂಟಿನಲ್ಲಿ ಬೆರೆತ ನಾರು ಶೀಟು ಒಡೆದಾಗ, ಕೊರೆದಾಗ ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶ ಸೇರುತ್ತದೆ. ಅದರಿಂದ ಕ್ಯಾನ್ಸರ್ ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದಾದ್ದರಿಂದ ಈ ಬಾಕಿ ಯಾವ ಖಾತೆಯಲ್ಲೂ ಕಾಣಿಸದು.

ಶೀಟುಗಳನ್ನು ನೀರಿನಿಂದ ತೋಯಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿಯೇ ಇಳಿಸತಕ್ಕದ್ದು; ಸುತ್ತಿಗೆ ಕೂಡದು. ಹಳೆಯ ಶೀಟು ಭಾರ ತಾಳದು, ಒದ್ದೆಯಾದರೆ ಜಾರುತ್ತದೆ. ಆದ್ದರಿಂದ ಅದರ ಮೇಲೆ ನಿಲ್ಲದೆ ಸಾರುವೆಯಿಂದಲೇ ಕೆಲಸ ನಡೆಯಲಿ. ಮೂಗಿಗೆ ಕಟ್ಟಿದ ಟವೆಲ್ಲು ನಾರನ್ನು ತಡೆಯಲಾರದು, ಪಿ-100 ದರ್ಜೆಯ ಮುಖವಾಡವೇ ಬೇಕು. ಒಣಕಸ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಒಪ್ಪಿಸಿ. ದರಪಟ್ಟಿಯಲ್ಲಿ ಸಾರುವೆ, ಮುಖವಾಡ, ವಿಲೇವಾರಿಗಳ ವೆಚ್ಚವನ್ನು ಪ್ರತ್ಯೇಕ ಬಾಬುಗಳಾಗಿಯೇ ನಮೂದಿಸಿಕೊಳ್ಳಿ.