ಓದಿನಲ್ಲಿ ಅನುಮಿತಿ: ಮಕ್ಕಳ ಕಲಿಕೆ ಮತ್ತು ಕನ್ನಡದ ವ್ಯಾಕರಣ ಸುಳಿವುಗಳು

ಪಠ್ಯವು ನೇರವಾಗಿ ಹೇಳದ ಅರ್ಥವನ್ನು, ಅದು ಹೇಳಿರುವುದರ ಆಧಾರದಿಂದ ಓದುಗ ಕಟ್ಟಿಕೊಳ್ಳುವ ಕ್ರಿಯೆಯನ್ನು ಇಲ್ಲಿ ‘ಅನುಮಿತಿ’ ಎಂದು ಕರೆಯಲಾಗಿದೆ. ತರ್ಕಶಾಸ್ತ್ರದ ‘ಅನುಮಾನ’ ಎಂಬ ಪದವು ಬಳಕೆಯ ಕನ್ನಡದಲ್ಲಿ ಸಂಶಯ ಎಂಬ ಅರ್ಥಕ್ಕೆ ಸರಿದಿದೆ. ‘ಊಹೆ’ಯು ಆಧಾರವಿಲ್ಲದ ಕಲ್ಪನೆಗೂ ಸಲ್ಲುತ್ತದೆ. ಇದು ಕೇವಲ ಪರಿಭಾಷೆಯ ತೊಡಕಲ್ಲ. ‘ಊಹಿಸಿ ಹೇಳಿ’ ಎಂದಾಗ ಮಗುವು ಪುಟದಿಂದ ಕಣ್ಣೆತ್ತಿ ತನಗೆ ತೋಚಿದ್ದನ್ನು ಹೇಳಿದರೆ, ತಪ್ಪು ಮಗುವಿನದಲ್ಲ, ಪ್ರಶ್ನೆಯದು.

ಕೇಟ್ ಕೇನ್ ಮತ್ತು ಜೇನ್ ಓಕ್‌ಹಿಲ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಬಗೆಯ ಅನುಮಿತಿಗಳನ್ನು ಬೇರ್ಪಡಿಸುತ್ತದೆ: ಪಠ್ಯದ ಭಾಗಗಳನ್ನು ಪರಸ್ಪರ ಜೋಡಿಸುವಂಥವು, ಹಾಗೂ ಲೋಕಜ್ಞಾನದಿಂದ ತೆರವನ್ನು ತುಂಬುವಂಥವು. ಗ್ರಹಿಕೆಯಲ್ಲಿ ಹಿಂದುಳಿದ ಮಕ್ಕಳು ಎಡವಿದ್ದಕ್ಕೆ ಲೋಕಜ್ಞಾನದ ಕೊರತೆ ಕಾರಣವಲ್ಲ, ಓದುವ ಕ್ರಮದಲ್ಲಿನ ವ್ಯತ್ಯಾಸವೇ ಹೆಚ್ಚು ಸಂಭವನೀಯ ಕಾರಣ ಎಂಬುದು ಅವರ ನಿಲುವು. ಈ ನಿಲುವನ್ನು ಕನ್ನಡಕ್ಕೆ ಅನ್ವಯಿಸುವಾಗ, ಅನುಮಿತಿಯನ್ನು ಬೇಡುವ ಸ್ಥಳಗಳನ್ನು ನಮ್ಮ ಭಾಷೆ ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಉದಾಹರಣೆಗಾಗಿ ರಚಿಸಿದ ಈ ಭಾಗವನ್ನು ಗಮನಿಸಬಹುದು:

ರಾಜು ಅಜ್ಜಿಯೊಡನೆ ನಿಲ್ದಾಣದಲ್ಲಿ ಕುಳಿತಿದ್ದ. ಸಂಜೆಯಾಯಿತು. ‘ಇವತ್ತೂ ಬಸ್ಸು ಬರಲಿಲ್ಲ’ ಎಂದಳು. ‘ಹಳ್ಳದ ಸೇತುವೆ ಮುರಿದಿದೆಯಂತೆ’ ಎಂದ. ಇಬ್ಬರೂ ನಡೆದೇ ಊರು ಸೇರಿದರು.

ಇಲ್ಲಿ ಮಾತನಾಡಿದವರ ಹೆಸರಿಲ್ಲ. ‘ಎಂದಳು’, ‘ಎಂದ’ ಎಂಬ ಕ್ರಿಯಾಪದಗಳ ಲಿಂಗಪ್ರತ್ಯಯಗಳೇ ಕರ್ತೃವನ್ನು ಸೂಚಿಸುತ್ತವೆ. ಅಜ್ಜಿಯ ಜಾಗದಲ್ಲಿ ಅಜ್ಜನಿದ್ದು, ಎರಡೂ ಕಡೆ ‘ಎಂದ’ ಎಂದಿದ್ದರೆ ಈ ಸುಳಿವು ಉಳಿಯುತ್ತಿರಲಿಲ್ಲ. ‘ಇವತ್ತೂ’ ಎಂಬಲ್ಲಿನ ‘ಊ’ ಹಿಂದೆಯೂ ಬಸ್ಸು ಬಂದಿರಲಿಲ್ಲವೆಂಬುದನ್ನು ಪೂರ್ವಸಿದ್ಧವಾಗಿಸುತ್ತದೆ. ‘ಅಂತೆ’ಯು ರಾಜು ಸೇತುವೆಯ ವಿಷಯವನ್ನು ಬೇರೆಯವರಿಂದ ತಿಳಿದಿದ್ದಾನೆಂದು ಸೂಚಿಸುತ್ತದೆ. ‘ನಡೆದೇ’ ಎಂಬಲ್ಲಿನ ‘ಏ’ ಬೇರೆ ಸಾಧ್ಯತೆಗಳನ್ನು ತಳ್ಳಿಹಾಕುತ್ತದೆ.

ಈ ಪ್ರತ್ಯಯಗಳು ಮಗುವಿಗೆ ಹೊಸವಲ್ಲ. ‘ನಂಗೂ ಬೇಕು’ ಎನ್ನುವ ಮಗುವಿಗೆ, ಇನ್ನೊಬ್ಬರಿಗೆ ಸಿಕ್ಕಿದೆ ಅಥವಾ ಸಿಗಲಿದೆ ಎಂಬ ಅರ್ಥ ಅದರಲ್ಲಡಗಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾತಿನಲ್ಲಿ ಸನ್ನಿವೇಶವೂ ಧ್ವನಿಯ ಏರಿಳಿತವೂ ನೆರವಿಗೆ ಬರುತ್ತವೆ; ಬರಹದಲ್ಲಿ ಆ ಭಾರವನ್ನು ಒಂದು ದೀರ್ಘಸ್ವರವೇ ಹೊರಬೇಕು. ಅಕ್ಷರ ಕೂಡಿಸುವುದರಲ್ಲೇ ಗಮನ ತೀರಿಹೋಗುವ ಮಗು, ಪದದ ಕೊನೆಯಲ್ಲಿರುವ ಆ ಸ್ವರವನ್ನು ಉಚ್ಚರಿಸಿಯೂ ಕೇಳಿಸಿಕೊಳ್ಳದೆ ಹೋಗಬಹುದು. ಆದ್ದರಿಂದ ಬೋಧನೆಯ ಕೆಲಸ ಹೊಸ ಸಾಮರ್ಥ್ಯವನ್ನು ತುಂಬುವುದಲ್ಲ. ಮಾತಿನಲ್ಲಿರುವುದನ್ನು ಓದಿಗೆ ದಾಟಿಸುವುದು.

ಇದಕ್ಕೆ ಎರಡು ಅಭ್ಯಾಸಗಳು ಒದಗುತ್ತವೆ. ಮೊದಲನೆಯದು ಕನಿಷ್ಠ ಭೇದದ ಹೋಲಿಕೆ: ‘ಇವತ್ತು ಬಸ್ಸು ಬರಲಿಲ್ಲ’, ‘ಇವತ್ತೂ ಬಸ್ಸು ಬರಲಿಲ್ಲ’ ಎಂಬ ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು, ನಿನ್ನೆ ಮೊನ್ನೆಯ ಬಗ್ಗೆ ಯಾವುದು ಏನು ಹೇಳುತ್ತದೆಂದು ಕೇಳುವುದು. ಎರಡನೆಯದು, ಪ್ರತಿ ಉತ್ತರದ ಬೆನ್ನಿಗೆ ‘ಯಾವ ಪದದಿಂದ ತಿಳಿಯಿತು?’ ಎಂದು ಕೇಳುವುದು. ಈ ಪ್ರಶ್ನೆ ಮಗುವಿನ ದೃಷ್ಟಿಯನ್ನು ಪುಟಕ್ಕೆ ಮರಳಿಸುತ್ತದೆ.

ಈ ಕ್ರಮಕ್ಕೆ ಮಿತಿಯೂ ಇದೆ. ಸೇತುವೆ ಮುರಿದದ್ದರಿಂದಲೇ ಬಸ್ಸು ಬರಲಿಲ್ಲ ಎಂಬ ಕಾರಣಸಂಬಂಧವನ್ನು ಮೇಲಿನ ಭಾಗದಲ್ಲಿ ಯಾವ ಪ್ರತ್ಯಯವೂ ಹೇಳುವುದಿಲ್ಲ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ಅವನು ರಾತ್ರಿ ಉಣ್ಣುತ್ತಿರಬೇಕು ಎಂಬ ಮೀಮಾಂಸಕರ ಅರ್ಥಾಪತ್ತಿಯಂತೆ, ಎರಡು ಸಂಗತಿಗಳನ್ನು ಹೊಂದಿಸಲು ಓದುಗನೇ ಮೂರನೆಯದನ್ನು ತರಬೇಕು. ಸೇತುವೆ ಮುರಿದರೆ ಬಸ್ಸು ದಾಟಲಾರದು ಎಂಬ ಲೋಕಜ್ಞಾನ ಇಲ್ಲಿ ಅನಿವಾರ್ಯ.

ಹಾಗಾಗಿ ಮೌಲ್ಯಮಾಪನದಲ್ಲಿ ಈ ಎರಡು ಬಗೆಗಳನ್ನು ಒಂದೇ ಅಂಕದಲ್ಲಿ ಬೆರೆಸುವುದು ಸಲ್ಲದು. ‘ಊ’ವನ್ನು ಗಮನಿಸದ ಮಗುವಿಗೂ ಸೇತುವೆ-ಬಸ್ಸುಗಳ ಸಂಬಂಧ ಹೊಳೆಯದ ಮಗುವಿಗೂ ಬೇಕಾದ ನೆರವು ಬೇರೆ ಬೇರೆ. ಇಬ್ಬರನ್ನೂ ‘ಗ್ರಹಿಕೆ ಕಡಿಮೆ’ ಎಂಬ ಒಂದೇ ಷರಾದಡಿ ಸೇರಿಸಿದರೆ, ಭಾಷಿಕವಾದ ಒಂದು ಸಣ್ಣ ತೊಡಕು ಬುದ್ಧಿಯ ಕೊರತೆಯೆಂದು ದಾಖಲಾಗುತ್ತದೆ.