ಚಿತ್ರದ ಕೆಲಸದಲ್ಲಿ ಪದರಗಳು

ಹಗಲು ಕಚೇರಿಯ ಗುಮಾಸ್ತಿಕೆ, ಸಂಜೆ ಯಾವುದಾದರೊಂದು ಡಿ.ಟಿ.ಪಿ. ಅಂಗಡಿಯಲ್ಲಿ ನಾಲ್ಕು ಕಾಸಿನ ಕೆಲಸ. ಹೀಗೆ ದಿನ ಸಾಗಿಸುವ ತರುಣರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕೆಲವರಿದ್ದಾರೆ. ಲಗ್ನಪತ್ರಿಕೆ, ನಾಟಕದ ಭಿತ್ತಿಪತ್ರ, ಅಂಗಡಿಯ ಬೋರ್ಡು ಮೊದಲಾದುವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವಾಗ ‘ಲೇಯರ್’ ಎಂಬ ಮಾತು ಅವರಿಗೆ ಮತ್ತೆ ಮತ್ತೆ ಎದುರಾಗುವುದು. ನಾವು ಅದನ್ನು ಪದರವೆನ್ನೋಣ.

ಮುಂಬಯಿಯಲ್ಲಿರುವ ನಮಗೆ ಇದಕ್ಕೊಂದು ಹತ್ತಿರದ ದೃಷ್ಟಾಂತವಿದೆ. ರಾಜಾ ರವಿವರ್ಮನ ಮುದ್ರಣಾಲಯವು 1894ರಲ್ಲಿ ಈ ಊರಿನಲ್ಲೇ ಆರಂಭವಾಗಿ, ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಪಟಗಳು ಒಂದೇ ಏಟಿಗೆ ಆದವಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದವನ್ನು ಆ ಎಲ್ಲ ಕಲ್ಲುಗಳ ಮೇಲೂ ಸರಿಯಾಗಿ ಕೂರಿಸಿ ತೆಗೆಯಬೇಕಾಗಿತ್ತು. ಸೀರೆಯ ಕೆಂಪು ಹೆಚ್ಚಾಯಿತೆಂದರೆ ಕೆಂಪಿನ ಕಲ್ಲನ್ನು ತಿದ್ದಬಹುದು. ಅಚ್ಚಾಗಿ ಹೊರಬಂದ ಹಾಳೆಯಿಂದ ಮಾತ್ರ ಕೆಂಪನ್ನು ಕೀಳಲಾಗದು.

ಕಂಪ್ಯೂಟರಿನ ಪದರಗಳೂ ಹೀಗೆಯೇ. ಹಿನ್ನೆಲೆ ಒಂದರಲ್ಲಿ, ಭಾವಚಿತ್ರ ಇನ್ನೊಂದರಲ್ಲಿ, ಅಕ್ಷರ ಮತ್ತೊಂದರಲ್ಲಿ. ಎಲ್ಲವನ್ನೂ ಒಂದರ ಮೇಲೊಂದಿಟ್ಟು ಮೇಲಿನಿಂದ ನೋಡಿದಾಗ ಕಾಣುವುದೇ ಚಿತ್ರ. ಫೋಟೋಶಾಪ್ 1990ರಲ್ಲಿ ಹೊರಬಂದಾಗ ಈ ಸೌಕರ್ಯ ಇರಲಿಲ್ಲ; 1994ರ ಮೂರನೆಯ ಆವೃತ್ತಿಯಲ್ಲಿ ಬಂದಿತು. ಅಷ್ಟು ಹಣ ಕೊಡಲಾಗದವರು ಜಿಂಪ್ ಎಂಬುದನ್ನು ಉಚಿತವಾಗಿ ಪಡೆಯಬಹುದು. ಕಲಿಯುವುದಕ್ಕೆ ಅದು ಧಾರಾಳವಾಗಿ ಸಾಕೆಂದು ನಮ್ಮ ಅಭಿಪ್ರಾಯ.

ಹೊಸಬರು ಭಾವಚಿತ್ರದ ಹಿಂದಿನ ಬೇಡದ ಭಾಗವನ್ನು ರಬ್ಬರಿನಿಂದ ಅಳಿಸಿಬಿಡುವುದುಂಟು. ಅಳಿಸಿದ್ದನ್ನು ಉಳಿಸಿಟ್ಟು ಮುಚ್ಚಿದರೆ ಮರುದಿನ ಅದು ಸಿಕ್ಕದು. ಇದಕ್ಕೆಂದೇ ‘ಮಾಸ್ಕ್’ ಇದೆ. ಪದರಕ್ಕೆ ಮಾಸ್ಕ್ ಹಾಕಿ ಅದರ ಮೇಲೆ ಕಪ್ಪು ಬಳಿದರೆ ಅಷ್ಟು ಭಾಗ ಮರೆಯಾಗುತ್ತದೆ. ಬಿಳಿ ಬಳಿದರೆ ಮರಳಿ ಕಾಣುತ್ತದೆ. ಬೂದು ಬಳಿದರೆ ಅರೆಬರೆಯಾಗಿ ಕಾಣುತ್ತದೆ. ಕಿವಿಯ ಅಂಚು, ತಲೆಗೂದಲು ಇಂಥಲ್ಲಿ ಕೈ ತಪ್ಪಿದರೂ ನಷ್ಟವಿಲ್ಲ. ಬಿಳಿ ಕಾಗದದ ಮೇಲಿನ ಸಹಿಯನ್ನೋ ಮೊಹರನ್ನೋ ಸ್ಕ್ಯಾನ್ ಮಾಡಿ ಸೇರಿಸುವಾಗ ಆ ಪದರಕ್ಕೆ ‘ಮಲ್ಟಿಪ್ಲೈ’ ಎಂಬ ಬಗೆಯನ್ನು ಆರಿಸಿದರೆ ಬಿಳುಪು ತಾನೇ ಮಾಯವಾಗಿ ಶಾಯಿಯಷ್ಟೇ ಉಳಿಯುವುದು.

ಇನ್ನು ಅಕ್ಷರದ ಪದರ. ಪರಊರಿನ ಕನ್ನಡಿಗರಿಗೆ ನಿಜವಾದ ಪೇಚು ಇರುವುದು ಇಲ್ಲಿಯೇ. ಅಂಗಡಿಯವನಿಗೆ ಕನ್ನಡ ಬಾರದು. ಫೋಟೋಶಾಪಿನ ಹಲವು ಆವೃತ್ತಿಗಳಲ್ಲಿ ಸರಿಯಾದ ವ್ಯವಸ್ಥೆ ಆರಿಸದಿದ್ದರೆ ಒತ್ತಕ್ಷರ ಮುರಿದು ‘ಅಮ್ಮ’ ಎಂಬುದು ‘ಅಮ್‌ಮ’ ಎಂದಾಗುತ್ತದೆ. ಅದು ಅವನ ಕಣ್ಣಿಗೆ ಬೀಳದು. ಪ್ರೆಫರೆನ್ಸಸ್‌ನ ‘ಟೈಪ್’ ಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಎಂಬುದು ಇದ್ದರೆ ಅದನ್ನು ಆರಿಸಿ ಹೊಸ ಕಡತ ತೆರೆಯಬೇಕು. ಅಕ್ಷರವು ಅಕ್ಷರದ ಪದರವಾಗಿಯೇ ಉಳಿದಿದ್ದರೆ ತಪ್ಪನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಎಲ್ಲವನ್ನೂ ಬೆಸೆದು ಜೆಪೆಗ್ ಮಾಡಿಬಿಟ್ಟಿದ್ದರೆ ಅಕ್ಷರವೂ ಬರಿಯ ಬಣ್ಣದ ಚುಕ್ಕೆಯೇ. ಮದುವೆಯ ತಾರೀಖು ಬದಲಾದರೆ ಇಡೀ ಪತ್ರಿಕೆಯನ್ನು ಹೊಸದಾಗಿ ಮಾಡಬೇಕು, ಮತ್ತೆ ಹಣ ತೆರಬೇಕು.

ಆದುದರಿಂದ ಹಣ ಕೊಡುವ ಮೊದಲೇ ಪದರಗಳಿರುವ ಮೂಲ ಕಡತವನ್ನು ಕೇಳಿ ಪಡೆಯಿರಿ. ಫೋಟೋಶಾಪಿನದು ಪಿ.ಎಸ್.ಡಿ., ಜಿಂಪಿನದು ಎಕ್ಸ್.ಸಿ.ಎಫ್. ಬಳಸಿದ ಫಾಂಟಿನ ಹೆಸರನ್ನೂ ಬರೆದಿಟ್ಟುಕೊಳ್ಳಿ; ಬೇರೆ ಯಂತ್ರದಲ್ಲಿ ಅದು ಇಲ್ಲದಿದ್ದರೆ ಅಕ್ಷರದ ರೂಪ ಬದಲಾದೀತು. ‘ವಾಟ್ಸಾಪಿನಲ್ಲಿ ಕಳಿಸಿದ್ದೇನಲ್ಲ’ ಎಂಬ ಉತ್ತರಕ್ಕೆ ಒಪ್ಪಬಾರದು. ಅಲ್ಲಿ ಫೋಟೋ ಆಗಿ ಬಂದುದು ಅಚ್ಚಾದ ಹಾಳೆ, ಕಲ್ಲಲ್ಲ.

ಇದಕ್ಕೆ ತೀರ ವಿರುದ್ಧವಾದ ಸಂದರ್ಭವೂ ಒಂದುಂಟು. ಆಧಾರ್ ಪ್ರತಿಯ ಅಂಕೆಗಳನ್ನು ಮರೆಮಾಡಲು ಮೇಲೊಂದು ಕಪ್ಪು ಪಟ್ಟಿಯ ಪದರ ಹಾಕಿ, ಕಡತವನ್ನು ಪದರಸಹಿತ ಕಳುಹಿಸುವವರಿದ್ದಾರೆ. ಪಡೆದವನು ಆ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ಹನ್ನೆರಡು ಅಂಕೆಗಳೂ ಹೊರಬೀಳುತ್ತವೆ. ಇಂಥಲ್ಲಿ ಪದರಗಳನ್ನು ಬೆಸೆದ ಪ್ರತಿಯನ್ನೇ ಕೊಡತಕ್ಕದ್ದು. ಕೊನೆಯ ನಾಲ್ಕು ಅಂಕೆಗಳನ್ನಷ್ಟೇ ತೋರಿಸುವ ‘ಮಾಸ್ಕ್ಡ್ ಆಧಾರ್’ ಪ್ರಾಧಿಕಾರದ ತಾಣದಲ್ಲಿ ದೊರೆಯುವುದರಿಂದ ಅದನ್ನು ಇಳಿಸಿಕೊಂಡರೆ ಈ ತೊಂದರೆಯೇ ಇಲ್ಲ.