ಆರು ಜಿಗಿತಗಳು: ಗುರುತು ಹಿಡಿಯುವುದು ಹೇಗೆ?

ಟಿ.ವಿ.ಯಲ್ಲಿ ಫಿಗರ್ ಸ್ಕೇಟಿಂಗ್ ಬಂದರೆ ಮನೆಮಂದಿಯೆಲ್ಲ ಕಣ್ಣರಳಿಸಿ ಕೂರುತ್ತಾರೆ. ಮಂಜುಗಡ್ಡೆಯ ಮೇಲೆ ಜಾರುತ್ತ ಬಂದ ಹುಡುಗಿ ಚಂಗನೆ ನೆಗೆದು, ಬುಗುರಿಯಂತೆ ಸುತ್ತಿ, ಒಂಟಿ ಕಾಲಿನ ಮೇಲೆ ಇಳಿಯುತ್ತಾಳೆ. ವೀಕ್ಷಕ ವಿವರಣೆಗಾರ ಒಮ್ಮೆ ‘ಟ್ರಿಪಲ್ ಲುಟ್ಜ್’ ಎನ್ನುತ್ತಾನೆ, ಇನ್ನೊಮ್ಮೆ ‘ಟ್ರಿಪಲ್ ಫ್ಲಿಪ್’ ಎನ್ನುತ್ತಾನೆ. ನಮಗೋ ಎರಡೂ ಒಂದೇ!

ಹೀಗಾಗುವುದಕ್ಕೆ ಕಾರಣವಿದೆ. ನಾವು ನೋಡುವುದು ಗಾಳಿಯಲ್ಲಿನ ಸುತ್ತನ್ನು. ಅಲ್ಲಿ ಎಲ್ಲ ಜಿಗಿತಗಳೂ ಒಂದೇ ತೆರನಾಗಿ ಕಾಣುತ್ತವೆ. ಇಳಿಯುವುದೂ ಒಂದೇ ಬಗೆ: ಹಿಮ್ಮುಖವಾಗಿ, ಹೊರ ಅಂಚಿನ ಮೇಲೆ. ಗುಟ್ಟು ಇರುವುದು ಕಾಲು ನೆಲ ಬಿಡುವ ಕ್ಷಣದಲ್ಲಿ.

ಅಲಗಿಗೆ ಎರಡು ಅಂಚು

ಸ್ಕೇಟಿನ ಅಲಗಿನ ತಳ ಸಪಾಟಾಗಿರುವುದಿಲ್ಲ. ನಡುವೆ ಸಣ್ಣ ಹಳ್ಳವಿರುತ್ತದೆ. ಹಾಗಾಗಿ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳು. ಪಾದ ಯಾವ ಕಡೆ ವಾಲಿದರೆ ಆ ಅಂಚು ಕೆಲಸ ಮಾಡುತ್ತದೆ. ಅಲಗಿನ ಮುಂತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ. ಈ ಹಲ್ಲನ್ನು ಮಂಜಿಗೆ ಚುಚ್ಚಿ ನೆಗೆಯುವ ಜಿಗಿತಗಳು ಮೂರು: ಟೋ ಲೂಪ್, ಫ್ಲಿಪ್, ಲುಟ್ಜ್. ಅಂಚಿನಿಂದಲೇ ನೆಗೆಯುವಂಥವು ಮೂರು: ಸಾಲ್ಕೊ, ಲೂಪ್, ಆಕ್ಸೆಲ್.

ಮೊದಲು ಸುಲಭದ ಗುರುತು

ಮುಖ ಮುಂದಕ್ಕಿಟ್ಟು ನೆಗೆದರೆ ಅದು ಆಕ್ಸೆಲ್. ಉಳಿದ ಐದೂ ಹಿಮ್ಮುಖವಾಗಿ ಜಾರುತ್ತಲೇ ಹೊರಡುತ್ತವೆ. ಆಕ್ಸೆಲ್ ಮುಂದೆ ಹೊರಟು ಹಿಂದಕ್ಕೆ ಮುಖಮಾಡಿ ಇಳಿಯಬೇಕಾದ್ದರಿಂದ ಅರ್ಧ ಸುತ್ತು ಹೆಚ್ಚು. ‘ಟ್ರಿಪಲ್ ಆಕ್ಸೆಲ್’ ಎಂದರೆ ನಿಜಕ್ಕೂ ಮೂರೂವರೆ ಸುತ್ತು. 1882ರಲ್ಲಿ ವಿಯೆನ್ನಾದಲ್ಲಿ ಇದನ್ನು ಮಾಡಿ ತೋರಿಸಿದ ನಾರ್ವೆಯ ಆಕ್ಸೆಲ್ ಪಾಲ್ಸನ್ ಹೆಸರೇ ಇದಕ್ಕೆ ಉಳಿದಿದೆ.

ಬಹುಪಾಲು ಸ್ಕೇಟರ್‌ಗಳು ಎಡಕ್ಕೆ ಸುತ್ತುತ್ತಾರೆ. ಅಂಥವರನ್ನೇ ಗಮನಿಸೋಣ. ಎಡಗಾಲಿನ ಒಳ ಅಂಚಿನ ಮೇಲೆ ಹಿಂದಕ್ಕೆ ಜಾರುತ್ತ, ಬಲಗಾಲನ್ನು ಬೀಸಿ ಮುಂದೆ ತಂದು ನೆಗೆದರೆ ಸಾಲ್ಕೊ. ಸ್ವೀಡನ್ನಿನ ಉಲ್ರಿಕ್ ಸಾಲ್ಕೊ 1909ರಲ್ಲಿ ಮಾಡಿದ್ದು ಇದು. ಬಲಗಾಲಿನ ಹೊರ ಅಂಚಿನಿಂದ, ಕುರ್ಚಿಯಲ್ಲಿ ಕೂರುವಂತೆ ಮಂಡಿ ಬಗ್ಗಿಸಿ, ಯಾವ ಆಸರೆಯೂ ಇಲ್ಲದೆ ಮೇಲೆದ್ದರೆ ಲೂಪ್. ಅದೇ ಬಲಗಾಲಿನ ಹೊರ ಅಂಚಿನಿಂದಲೇ, ಆದರೆ ಎಡಗಾಲಿನ ಹಲ್ಲು ಚುಚ್ಚಿ ನೆಗೆದರೆ ಟೋ ಲೂಪ್.

ಅವಳಿಗಳ ಪೇಚು

ಕಷ್ಟವಿರುವುದು ಫ್ಲಿಪ್ ಮತ್ತು ಲುಟ್ಜ್‌ನಲ್ಲಿ. ಎರಡರಲ್ಲೂ ಜಾರುವುದು ಎಡಗಾಲು, ಚುಚ್ಚುವುದು ಬಲಗಾಲು. ಎಡಪಾದ ಒಳಕ್ಕೆ ವಾಲಿದ್ದರೆ ಫ್ಲಿಪ್, ಹೊರಕ್ಕೆ ವಾಲಿದ್ದರೆ ಲುಟ್ಜ್. ಲುಟ್ಜ್‌ನಲ್ಲಿ ಕಾಲು ಒಂದು ಕಡೆಗೆ ಬಾಗಿ ಬರುತ್ತಿದ್ದರೆ ದೇಹ ಅದರ ವಿರುದ್ಧ ದಿಕ್ಕಿಗೆ ಸುತ್ತಬೇಕು. ಅದಕ್ಕೇ ಅದು ಕಠಿಣ, ಅದಕ್ಕೇ ಅಂಕವೂ ಹೆಚ್ಚು. ಅಂಗಣದ ಮೂಲೆಯತ್ತ ಉದ್ದಕ್ಕೆ ಹಿಂದೆ ಜಾರುತ್ತ ಬಂದರೆ ಲುಟ್ಜ್ ಇರಬಹುದೆಂದು ಊಹಿಸಬಹುದು. ಆದರೆ ತೀರ್ಪು ಪಾದದ್ದೇ.

ಎಷ್ಟೋ ಸ್ಕೇಟರ್‌ಗಳು ಲುಟ್ಜ್ ಎಂದು ಹೊರಟು, ಕೊನೆ ಗಳಿಗೆಯಲ್ಲಿ ತಮಗರಿವಿಲ್ಲದೆ ಒಳ ಅಂಚಿಗೆ ಹೊರಳುತ್ತಾರೆ. ಅಭಿಮಾನಿಗಳು ಇದನ್ನು ತಮಾಷೆಗೆ ‘ಫ್ಲುಟ್ಜ್’ ಎನ್ನುತ್ತಾರೆ. ತಾಂತ್ರಿಕ ಸಮಿತಿಗೆ ಮಾತ್ರ ಇದು ತಮಾಷೆಯಲ್ಲ. ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ ತಪ್ಪು ಅಂಚೆಂದು ಗುರುತು ಹಾಕುತ್ತದೆ, ಅಂಕ ಕಡಿತವಾಗುತ್ತದೆ. 2022–23ರ ಋತುವಿನಲ್ಲಿ ಟ್ರಿಪಲ್ ಟೋ ಲೂಪ್‌ಗೆ ಮೂಲ ಅಂಕ 4.2, ಲುಟ್ಜ್‌ಗೆ 5.9, ಆಕ್ಸೆಲ್‌ಗೆ 8 ಇತ್ತು. ಬಾಲ್ಯದಲ್ಲಿ ಅಂಟಿದ ತಪ್ಪು ಅಂಚಿನ ರೂಢಿಯನ್ನು ದೊಡ್ಡವರಾದ ಮೇಲೆ ತಿದ್ದುವುದು ಬಲು ಕಷ್ಟ. ಅಕ್ಷರ ತಿದ್ದಿಸುವ ಅಪ್ಪ ಅಮ್ಮಂದಿರಿಗೆ ಈ ಮಾತು ಹೊಸದೇನಲ್ಲ!

ಅರ್ಧ ಸುತ್ತಿನ ಬೆಲೆ

ಜಪಾನಿನ ಯುಜುರು ಹನ್ಯು 2014 ಮತ್ತು 2018ರ ಒಲಿಂಪಿಕ್ ಚಿನ್ನ ಗೆದ್ದವರು. 2022ರ ಬೀಜಿಂಗ್ ಕೂಟದಲ್ಲಿ ಅವರು ನಾಲ್ಕೂವರೆ ಸುತ್ತಿನ ಆಕ್ಸೆಲ್‌ಗೆ ಕೈಹಾಕಿದರು. ಸುತ್ತು ಪೂರ್ಣವಾಗಲಿಲ್ಲ, ಬಿದ್ದರು. ಕೊನೆಗೆ ದೊರೆತದ್ದು ನಾಲ್ಕನೇ ಸ್ಥಾನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ 17 ವರ್ಷದ ಇಲಿಯಾ ಮಲಿನಿನ್ ಅದನ್ನು ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಮುಗಿಸಿದ. ಈ ಅರ್ಧ ಸುತ್ತು ಏನೆಂದು ಗೊತ್ತಿದ್ದವರಿಗೆ ಹನ್ಯು ಬಿದ್ದದ್ದೂ ಸಾಹಸವಾಗಿಯೇ ಕಾಣುತ್ತದೆ.

ಮುಂದಿನ ಸಲ ಸ್ಕೇಟಿಂಗ್ ನೋಡುವಾಗ ಟಿ.ವಿ.ಯ ಧ್ವನಿ ತಗ್ಗಿಸಿ. ಮೂರೇ ಪ್ರಶ್ನೆ ಕೇಳಿಕೊಳ್ಳಿ: ಮುಖ ಮುಂದಕ್ಕಿತ್ತೇ? ಹಲ್ಲು ಚುಚ್ಚಿದರೇ? ಪಾದ ಯಾವ ಕಡೆ ವಾಲಿತ್ತು? ಮಕ್ಕಳೊಂದು ಹೆಸರು ಹೇಳಲಿ, ನೀವೊಂದು ಹೇಳಿ. ಬಳಿಕ ನಿಧಾನಗತಿಯ ಮರುಪ್ರಸಾರದಲ್ಲಿ ತಾಳೆ ನೋಡಿ. ಬಹುಶಃ ಗೆಲ್ಲುವವರು ಮಕ್ಕಳೇ.